ಹೋರಿಯ ಗೋತ್ರ

ನಿವೃತ್ತನಾದ ಮೇಲೆ ನಾನು ಹಿಡಿದ ಕಸುಬು ಗೃಹಪ್ರವೇಶಗಳಿಗೆ ಹಸು-ಕರು ಕಳಿಸುವುದು. ಕತ್ರಿಗುಪ್ಪೆಯ ನಮ್ಮ ಮನೆಯ ಹಿಂದೆಯೇ ಕೊಟ್ಟಿಗೆ. ಆರನೇ ಮಹಡಿಗೂ ಲಿಫ್ಟಿನಲ್ಲಿ ಸುಮ್ಮನೆ ನಿಂತು ಹೋಗುವ ಹಸು ಬೇಕಲ್ಲ, ಹಾಗಾಗಿ ಸಾಧುತನವೊಂದನ್ನೇ ನೋಡಿ ತಳಿ ಬೆಳೆಸಿದೆ. ನನ್ನ ಹೋರಿಯಂತೂ ಪರಮ ಸಾಧು, ಹಣೆಯ ಮೇಲೆ ಬಿಳಿ ನಾಮ ಬೇರೆ. ಅದರ ಒಂದು ಬೀಜ ಇನ್ನೊಂದಕ್ಕಿಂತ ಚಿಕ್ಕದಿರುವುದು ನನಗೂ ಕಂಡಿತ್ತು. ನಾಮ ಇದೆಯಲ್ಲ ಎಂದು ಸುಮ್ಮನಾಗಿದ್ದೆ.

ಹೋದ ವರ್ಷ ಎರಡು ಕಡಸುಗಳು ಮೂರು ವರ್ಷ ತುಂಬಿದರೂ ಬೆದೆಗೆ ಬರಲಿಲ್ಲ. ಮೊಳಕೆ ಹುರುಳಿ ತಿನ್ನಿಸಿದೆ, ನಾಗರಕಲ್ಲಿಗೆ ಹಾಲೆರೆದೆ. ಕೊನೆಗೆ ಪಶುವೈದ್ಯೆಯೊಬ್ಬರನ್ನು ಕರೆಸಿದೆ. ಅವರು ಕೈಹಾಕಿ ಪರೀಕ್ಷಿಸಿ, ಎರಡಕ್ಕೂ ಅಂಡಾಶಯ ಬೆಳೆದೇ ಇಲ್ಲ ಎಂದರು. ಆಮೇಲೆ ಹೋರಿಯ ಹಿಂದೆ ಹೋಗಿ ನಿಂತರು.

“ಈ ಕಡಸುಗಳ ತಂದೆ ಯಾರು ಸಾರ್?”

“ಇವನೇ.”

“ಇವುಗಳ ತಾಯಿಯ ತಂದೆ?”

“ಅದೂ ಇವನೇ,” ಎಂದೆ, ದನಿ ತಗ್ಗಿಸಿ.

“ಇದು ವಂಶದಲ್ಲಿ ಬರೋ ದೋಷ. ಇವನ ಬೀಜ ಒಡೆಸ್ಬಿಡಿ, ಇನ್ಮೇಲೆ ಹೊರಗಿನ ತಳಿ ತನ್ನಿ. ಇವನ ಮಕ್ಕಳು ಬೇರೆಲ್ಲಾದ್ರೂ ಇದಾವಾ?”

ಸಗೋತ್ರ ಎಂಬ ಒಂದೇ ಕಾರಣಕ್ಕೆ ಮಗಳಿಗೆ ಬಂದಿದ್ದ ಒಳ್ಳೆಯ ಸಂಬಂಧವನ್ನು ಬಿಟ್ಟವನು ನಾನು. ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತು, “ಮಗಳಿಗೆ ಮೂರು ಜನ ಜ್ಯೋತಿಷಿಗಳು ಬೇಕಾದ್ರು, ಹೋರಿಗೆ ನೀವೊಬ್ರೇ ಸಾಕಾದ್ರಾ?” ಎಂದಳು.

ಇತ್ತು, ಇನ್ನೊಂದು ಕಡಸು ಇತ್ತು. ಹೊಸಕೆರೆಹಳ್ಳಿಯಲ್ಲಿ ಹಾಲು ಮಾರುವ ಅಕ್ಕ ಒಬ್ಬರು ನಮ್ಮಲ್ಲಿ ಇವನಿಗೇ ಹುಟ್ಟಿದ ಹಸುವೊಂದನ್ನು ಕೊಂಡಿದ್ದರು. “ನಮ್ಮನೆ ತಳಿ ಕೆಡಬಾರದು” ಎಂದು ಅದಕ್ಕೂ ಇದೇ ಹೋರಿಯನ್ನು ನಾನೇ ಹೊಡೆದುಕೊಂಡು ಹೋಗಿದ್ದೆ. ಆ ಹಸು ಸತ್ತ ಮೇಲೆ ಅವರಿಗೆ ಉಳಿದದ್ದು ಅದರ ಕಡಸೊಂದೇ. ಅದೂ ಬೆದೆಗೆ ಬಂದಿರಲಿಲ್ಲ. ಹೋಗಿ ಹೇಳಲೇಬೇಕಿತ್ತು. ಆದರೆ ಬೀದಿಯವರೆಲ್ಲ ಗೋವಿನ ಸಾರ್ ಎಂದು ಕೈಮುಗಿಯುವ ದೊಡ್ಡ ಮನುಷ್ಯನಲ್ಲವೇ ನಾನು? ಮೊದಲ ದಿನ ಮಂಡಿನೋವು ಬಂತು, ಮರುದಿನ ರಾಹುಕಾಲ ಅಡ್ಡ ಬಂತು. ಹೀಗೇ ಒಂದು ವಾರ ಕಳೆದೆ.

ಕೊನೆಗೆ ಹೋಗಿ ಗೇಟಿನಲ್ಲೇ ನಿಂತು ಹೇಳಿದೆ. “ಅಕ್ಕಾ, ನಿಮ್ಮ ಕಡಸು ಗಬ್ಬ ಕಟ್ಟೋದು ಅನುಮಾನ. ಡಾಕ್ಟರನ್ನ ಕರ್ಕೊಂಡ್ಬಂದು ತೋರಿಸ್ತೀನಿ. ತಪ್ಪು ನಮ್ಮ ಹೋರೀದು. ಅಲ್ಲ, ನಂದು.”

ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಕೇಳಿದ್ದೇ ಬೇರೆ.

“ಹಂಗಾದ್ರೆ ನನ್ನ ಕೈಯಿಂದ ಆಗಿದ್ದಲ್ವಾ ಸಾರ್?”

“ನಿಮ್ಮ ಕೈಯಿಂದಾನಾ?”

“ನಂಗೆ ಮಕ್ಕಳಿಲ್ವಲ್ಲ. ನಾನು ಮುಟ್ಟೇ ಇದೂ ಹಿಂಗಾಯ್ತು ಅಂದ್ರು ಜನ. ಅದಕ್ಕೆ ವರ್ಷದಿಂದ ಮೇವೂ ನಾದಿನಿ ಕೈಲೇ ಹಾಕಿಸ್ತಿದೀನಿ.”

“ನಿಮ್ಮ ಕೈಯಿಂದ ಅಲ್ಲಕ್ಕಾ,” ಎಂದೆ.

ಅವರು ಹೋಗಿ ಕಡಸಿನ ಕೊರಳು ತುರಿಸಿದರು. ಅದು ತಲೆಯೆತ್ತಿ ಕೊರಳು ಚಾಚಿತು. ನನ್ನ ಮಾನ ಉಳಿಸಿಕೊಳ್ಳಲು ನಾನು ಮುಂದೂಡಿದ ಆ ಒಂದು ವಾರವೂ ಅವರು ಅದನ್ನು ಮುಟ್ಟಿರಲಿಲ್ಲ.