ತಿರುವಿನಲ್ಲಿ ಕೆಮ್ಮುತ್ತಿದ್ದ ಕಾರು

ಮಾರಾಟಕ್ಕಿಟ್ಟಿದ್ದ ಕಾರಿನ ಬಾಗಿಲು ತೆಗೆದ ಕೂಡಲೇ ಹೊಸ ಚರ್ಮದ ವಾಸನೆ ಬಂತು, ಅದರ ಹಿಂದೆಯೇ ಪಾಲಿಶಿನದು. ಒಣಗಿದ ಕಾಫಿ ಹಣ್ಣಿನ ವಾಸನೆ ಮಾತ್ರ ಇರಲಿಲ್ಲ. ಹೆಗ್ಗದ್ದೆಯ ತೋಟದಲ್ಲಿ ದೊಡ್ಡಪ್ಪ ಈ ಕಾರನ್ನು ಸ್ಟೋರಿನೊಳಗೆ, ಮೂಟೆಗಳ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಕುಯ್ಲಿನ ಕಾಲದಲ್ಲಿ ಜಾಗ ಸಾಲದೆ ಪಕ್ಕದ ಸೀಟಿಗೂ ಒಂದು ಮೂಟೆ ಹತ್ತುತ್ತಿತ್ತು. ಇಬ್ಬರೇ ಕೂರಬಹುದಾದ ಹಸಿರು ಬಣ್ಣದ ಬ್ರಿಟಿಷ್ ಸ್ಪೋರ್ಟ್ಸ್ ಕಾರು; ಅದನ್ನು ಮಾಡಿದವರು ಈ ಉಪಯೋಗ ನೋಡಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು. ದೊಡ್ಡಪ್ಪ ತೀರಿಕೊಂಡು ತೋಟ ಪಾಲಾದಾಗ ಕಾರು ಗುಜರಿಗೆ ಹೋಯಿತು. ಮನೆ ಈಗ ಯಾರದೋ ಹೋಂಸ್ಟೇ. ಸ್ಟೋರಿನಲ್ಲಿ ಟೇಬಲ್ ಟೆನಿಸ್ ಆಡುತ್ತಾರಂತೆ.

ನನಗೆ ಚಿಕ್ಕಂದಿನಿಂದಲೂ ಯಾರನ್ನೂ ಬಿಡದೆ ಅಣಕಿಸುವ ಚಾಳಿ. ಅಣಕಿಸದೆ ಉಳಿದದ್ದು ನನ್ನ ದನಿಯೊಂದೇ. ಅದು ಒಡೆದ ವಯಸ್ಸಿನಲ್ಲಿ ತಾನೇ ಅಣಕದಂತಿದ್ದುದರಿಂದ ಶ್ರಮಪಡಬೇಕಾಗಲಿಲ್ಲ. ಅಣಕಿಸಲು ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಈ ಕಾರಿನ ಸದ್ದು. ಸೈಲೆನ್ಸರಿನ ತೂತಿಗೆ ದೊಡ್ಡಪ್ಪ ಡಬ್ಬದ ತಗಡು ಸುತ್ತಿಸಿದ್ದರು. ಹಲಸಿನ ಮರದ ತಿರುವಿನಲ್ಲಿ ಅದು ಎರಡು ಸಲ ಕೆಮ್ಮಿ, ಒಂದು ಗೊರಕೆ ಹೊಡೆದು, ಆಮೇಲೆ ಗಂಟಲಲ್ಲಿ ಕಫ ಸಿಕ್ಕಿದ ಹಾಗೆ ಗುರುಗುಟ್ಟುತ್ತ ಏರು ಹತ್ತುತ್ತಿತ್ತು. ಆ ಕೆಮ್ಮು ಕೇಳಿದ ಮೇಲೇ ದೊಡ್ಡಮ್ಮ ಒಲೆಗೆ ಕಾವಲಿ ಇಡುತ್ತಿದ್ದುದು. ದೊಡ್ಡಪ್ಪ ಕಾಲು ತೊಳೆದು ಕೂರುವಷ್ಟರಲ್ಲಿ ಮೊದಲ ಅಕ್ಕಿ ರೊಟ್ಟಿ ತಟ್ಟೆಗೆ ಬೀಳಬೇಕು. ಆ ಮನೆಗೆ ಬೇರೆ ಗಡಿಯಾರ ಇರಲಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಸದ್ದು ಇದ್ದಿರಬಹುದು. ಒಂದು ದಿನ ನಾನು ಕಾಫಿ ಗಿಡದ ಮರೆಯಲ್ಲಿ ಕೂತು ಹಾಗೇ ಕೆಮ್ಮಿದೆ. ಮೂಟೆ ಮೇಲೆ ಮಲಗಿದ್ದ, ತೋಟದ ಲೆಕ್ಕ ಬರೆಯುವ ರೈಟರು ದೊಡ್ಡಪ್ಪ ಬಂದರೆಂದು ದಡಬಡಿಸಿ ಎದ್ದು, ಯಾರೂ ಇಲ್ಲದ ಕಣದಲ್ಲಿ ನಿಂತು ಕೆಲಸದವರನ್ನು ಗದರಿಸತೊಡಗಿದರು. ದೊಡ್ಡಮ್ಮನ ರೊಟ್ಟಿ ಬೆಂದಿತು, ದೊಡ್ಡಪ್ಪ ಬರಲಿಲ್ಲ. ಅವಳು ಬೈಯಲಿಲ್ಲ. ರೊಟ್ಟಿಯನ್ನು ನನ್ನ ಮುಂದಿಟ್ಟು, "ತಿನ್ನು, ಗಾಡಿಗೂ ಹೊಟ್ಟೆ ಹಸೀತದಲ್ಲ" ಅಂದಳು.

ಹೋದ ತಿಂಗಳು ಫೋನಿನಲ್ಲಿ ಜಾಹೀರಾತು ಬಂತು. ಕಾರು ಪೂರ್ತಿ ರಿಪೇರಿಯಾಗಿದೆ, ಮಗ್ಗೆಯ ಶೆಡ್ಡಿನಲ್ಲಿ ಮಾರಾಟಕ್ಕಿದೆ. ನಂಬರು ನಮ್ಮದೇ. ಹಾಸನದಲ್ಲಿ ಮಗಳ ಮನೆಯಲ್ಲಿರುವ ದೊಡ್ಡಮ್ಮನಿಗೆ ತೋರಿಸಿದೆ. ಅವಳು ಚಿತ್ರ ನೋಡಲೇ ಇಲ್ಲ. "ಹೋಗಿ ಸದ್ದು ಕೇಳಿಸು. ಅದೇ ಆದ್ರೆ ತಗೊಂಡ್‌ಬುಡೋಣ" ಅಂದಳು. ಹಾಗಾಗಿ ನಾನು ಅವಳ ಕಿವಿಯಾಗಿ ಮಗ್ಗೆಗೆ ಹೋದೆ.

ಮಾರುವವರು ಮದುವೆಗೆ ಹೆಣ್ಣು ತೋರಿಸುವವರ ಹಾಗೆ ಕಾರಿನ ಗುಣಗಳನ್ನೆಲ್ಲ ಹೇಳಿದರು. ಒಂದು ಗೀರಿಲ್ಲ, ಒಂದು ಹೊಗೆಯಿಲ್ಲ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆ ಎಂದರು. ಸುಳ್ಳಲ್ಲ. ಚಾವಿ ತಿರುಗಿಸಿದರು. ಜೇನು ಹುಟ್ಟಿನಂಥ ಸಣ್ಣ ಗುಂಯ್ಗುಟ್ಟುವಿಕೆ. ದೊಡ್ಡಮ್ಮನಿಗೆ ಫೋನು ಮಾಡಿ ಬಾನೆಟ್ಟಿನ ಹತ್ತಿರ ಹಿಡಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇದು ಬೇರೆ ಯಾರ ಮನೇದೋ ಕಣೋ. ಬುಟ್ಬುಡು."

ಫೋನು ಇಡಲಿಲ್ಲ ಅವಳು. ನಾನೂ ಇಡಲಿಲ್ಲ. ನಾನು ಶೆಡ್ಡಿನ ಗೋಡೆಯ ಕಡೆ ತಿರುಗಿ ಎರಡು ಸಲ ಕೆಮ್ಮಿದೆ, ಒಂದು ಗೊರಕೆ ಹೊಡೆದೆ, ಆಮೇಲೆ ಉದ್ದಕ್ಕೆ ಗುರುಗುಟ್ಟಿದೆ. ಮಾರುವವರು ಗಾಬರಿಯಾಗಿ ಬಾನೆಟ್ ಎತ್ತಿ ನೋಡಿದರು.

"ನೀನೇ ಅಂತ ಗೊತ್ತೈತೆ," ಅಂದಳು ದೊಡ್ಡಮ್ಮ. "ತಿರುವು ದಾಟ್ತಾ?"

"ದಾಟ್ತು ದೊಡ್ಡಮ್ಮ."

"ಹಂಗಾದ್ರೆ ಕಾವಲಿ ಇಡ್ತೀನಿ."

ಮಾರುವವರಿಗೆ ಕೈ ಮುಗಿದು ಹಾಸನದ ಬಸ್ಸು ಹತ್ತಿದೆ. ಬಸ್ಸು ಎಲ್ಲ ಊರಲ್ಲೂ ನಿಂತು ನಿಂತು ಹೋಯಿತು. ನಾನು ತಲುಪುವ ಹೊತ್ತಿಗೆ ರೊಟ್ಟಿ ತಣ್ಣಗಾಗಿತ್ತು.