ನಕ್ಷೆಯ ಕೆರೆಯಲ್ಲಿ ನಮ್ಮ ಮನೆ

ಕೆರೆಯೊಳಗೆ ಸಂಸಾರ ಮಾಡುವುದು ಮೀನು, ಕಪ್ಪೆಗಳಿಗೆ ಮಾತ್ರ ಸಾಧ್ಯವೆಂದು ನಾನು ನಂಬಿದ್ದೆ. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿಯೂ ಅದನ್ನೇ ಮಾಡುತ್ತಿದ್ದೇವೆಂದು ತಿಳಿದದ್ದು ತೊಂಬತ್ತರ ದಶಕದ ಕೊನೆಗೆ, ಕೆ.ಆರ್. ಪೇಟೆಯ ಒಂದು ಎಸ್‌ಟಿಡಿ ಬೂತಿನಲ್ಲಿ.

ಬೂತಿನ ಶಿವಲಿಂಗು ನನ್ನ ಹಳೆಯ ವಿದ್ಯಾರ್ಥಿ. ಫೋನಿನ ಪಕ್ಕ ಆಗಷ್ಟೇ ಒಂದು ಕಂಪ್ಯೂಟರ್ ಇಟ್ಟಿದ್ದ. "ಬನ್ನಿ ಸಾ, ನಮಗೆ ಮ್ಯಾಪು ಕಲ್ಸಿದೋರು ನೀವು, ಇದ್ನ ನೋಡ್ಲೇಬೇಕು" ಎಂದು ಕೂರಿಸಿದ. ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ನಮ್ಮ ಸೀಮೆಯ ನಕ್ಷೆ ಹಾಕಿದ್ದರು. ಅದಕ್ಕೆ ಹೊಸ ಸೌಲಭ್ಯಗಳು ಬಂದಿದ್ದವು. ಊರಿನಿಂದ ಊರಿಗೆ ದೂರ ಅಳೆಯಬಹುದು, ಕೆರೆಕಟ್ಟೆಗಳು ನೀಲಿಯಲ್ಲಿ ಕಾಣುತ್ತವೆ, ತಪ್ಪಿದ್ದರೆ ಬರೆದು ತಿಳಿಸಬಹುದು. ಇಷ್ಟು ಸಾವಿರ ಊರು ಮುಗಿಸಿದೆವೆಂದು ಬೆನ್ನು ತಟ್ಟಿಕೊಂಡ ಸಾಲೊಂದು ಬೇರೆ.

ಫೋನು ಕೀಚು ದನಿಯಲ್ಲಿ ನರಳಿತು. ನಕ್ಷೆ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ನಾಗಮಂಗಲದ ಕಡೆ. ಹೊಣಕೆರೆ ಕಂಡಾಗ ಹೆಂಡತಿಯ ತವರೆಂದು ಸ್ವಲ್ಪ ನೆಟ್ಟಗೆ ಕೂತೆ. ಆಮೇಲೆ ಕಿಕ್ಕೇರಿ, ಪಾಂಡವಪುರ, ಕೊನೆಗೆ ನದಿಯನ್ನು ಎರಡೂ ಬದಿಗೆ ಸುತ್ತಿಕೊಂಡ ಶ್ರೀರಂಗಪಟ್ಟಣ. ಶಿವಲಿಂಗು ಕಿಕ್ಕೇರಿ ಪಕ್ಕದ ನಮ್ಮೂರನ್ನು ದೊಡ್ಡದು ಮಾಡಿದ. ಮಾರಮ್ಮನ ಗುಡಿ ಸರಿಯಾಗಿತ್ತು, ಶಾಲೆಯೂ ಸರಿಯಾಗಿತ್ತು. ಗುಡಿಯ ಹಿಂದೆ ನಮ್ಮ ಮನೆ ಇರಬೇಕಾದಲ್ಲಿ ಬರೀ ನೀಲಿ; ಯಾವುದೋ ಹಳೆಯ ಸರ್ವೆಯ ಕೆರೆಯನ್ನು ಹಾಗೇ ಬರೆದಿದ್ದರು. ನಾನು ಬೆಚ್ಚಿಬಿದ್ದೆ.

ನಮ್ಮ ಮನೆ ಕೆರೆಯಂಗಳದ ಕಡೆಗಿದೆ ಎಂಬುದು ಊರಿಗೆಲ್ಲ ಗೊತ್ತು. ತಾತ ಒಂದು ಬೇಲಿ ಮುಂದಕ್ಕೆ ಹಾಕಿದ, ಅಪ್ಪ ಒಂದು ಗೋಡೆ, ನಾನೊಂದು ದನದ ಕೊಟ್ಟಿಗೆ. ಪಕ್ಕದವರೂ ಹಿಂದೆ ಬೀಳಲಿಲ್ಲ. ಏರಿಯ ಮೇಲಿನ ಹಳೆಯ ಕಲ್ಲಿನಲ್ಲಿ, ಕೆರೆ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂದು ಕೊರೆದಿದೆ. ಒತ್ತುವರಿ ಮಾಡಿದವನಿಗೆ ಏನೆಂದು ಕೊರೆದಿಲ್ಲ. ನಮಗೆ ಅಷ್ಟೇ ಸಾಕಾಗಿತ್ತು. ಕೆರೆ ಕುಗ್ಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೆರೆಯನ್ನು ಅಗತ್ಯಕ್ಕಿಂತ ದೊಡ್ಡದಾಗಿ ಬರೆದರೆಂದು ಮಕ್ಕಳ ಅಂಕ ಕಳೆದ ಸಮಾಜ ವಿಜ್ಞಾನದ ಮೇಷ್ಟ್ರು ನಾನೇ!

ಮನೆಗೆ ಬಂದು ಹೇಳಿದೆ. ಹೆಂಡತಿ ಕಿಂಚಿತ್ತೂ ಗಾಬರಿಯಾಗಲಿಲ್ಲ. "ಅಡುಗೆಮನೆ ಗೋಡೆ ಯಾಕೆ ಒಣಗಾಕಿಲ್ಲ ಅಂತ ಈಗ್ಲಾದ್ರೂ ಗೊತ್ತಾಯ್ತಾ?" ಅಂದಳು. ಗಾಬರಿಯಾದದ್ದು ಪಕ್ಕದ ಮನೆಯ ನನ್ನ ದೊಡ್ಡಪ್ಪನ ಮಗ ಚಿಕ್ಕೇಗೌಡನಿಗೆ.

"ಪರದೇಸದೋರು ನೋಡುದ್ರೆ ನೋಡ್ಕಳ್ಳಿ ಬುಡ್ಲಾ. ತಾಲ್ಲೂಕಾಪೀಸ್ನೋರು ನೋಡ್ಬುಟ್ರೆ ಮನೆ ಉಳಿತದೇನ್ಲಾ? ಅಳುಸ್ಬುಡು ಅಂತ ಬರಿ!"

ಬರೆದೆ. ಇಲ್ಲಿ ಕೆರೆಯಿಲ್ಲ, ಮನೆಗಳೂ ರಾಗಿ ಹೊಲಗಳೂ ಇವೆ ಎಂದು ವ್ಯಾಕರಣಶುದ್ಧ ಇಂಗ್ಲಿಷಿನಲ್ಲಿ ಬರೆದೆ. ಧನ್ಯವಾದ ಬಂತು. ಮುಂದಿನ ಆವೃತ್ತಿಯಲ್ಲಿ ನಮ್ಮ ಭಾಗವಷ್ಟೇ ಅಲ್ಲ, ಇಡೀ ಕೆರೆಯೇ ಮಾಯವಾಗಿತ್ತು. ನನ್ನ ಒಂದು ಮಾತಿಗೆ ಕೆರೆ ಬತ್ತಿದ್ದು ಕಂಡು ದಿಗಿಲಾದರೂ, ಒಳಗೊಳಗೇ ಸ್ವಲ್ಪ ಜಂಬವೂ ಆಯಿತು.

ಮರುವರ್ಷ ಹೇಮಾವತಿ ಕಾಲುವೆಯಿಂದ ಸುತ್ತಲ ಕೆರೆಗಳಿಗೆಲ್ಲ ನೀರು ಹರಿಯಿತು. ನಮ್ಮೂರಿಗೆ ಒಂದು ತೊಟ್ಟೂ ಬರಲಿಲ್ಲ. ತೂಬಿನ ಕೆಳಗಿನ ಒಟ್ಲಿನಲ್ಲಿ ಭತ್ತದ ಸಸಿಗಳು ಹಳದಿಗೆ ತಿರುಗಿದ್ದವು. ಚಿಕ್ಕೇಗೌಡನೂ ನಾನೂ ಕಾಲುವೆ ಆಫೀಸಿಗೆ ಓಡಿದೆವು. ಹೊಸದಾಗಿ ಬಂದಿದ್ದ ಎಂಜಿನಿಯರು ಮೇಜಿನ ಮೇಲೆ ಬಣ್ಣದ ನಕ್ಷೆ ಹರಡಿದ. ನನಗೆ ಅದರ ಗುರುತು ಹತ್ತಿತು, ಶಿವಲಿಂಗುವಿನ ಬೂತಿನಲ್ಲಿ ಕಂಡ ನಕ್ಷೆಯೇ ಅದು.

"ನಿಮ್ಮೂರಲ್ಲಿ ಕೆರೇನೇ ಇಲ್ವಲ್ರೀ. ಯಾವುದಕ್ಕೆ ನೀರು ಬಿಡ್ಲಿ?"

ಚಿಕ್ಕೇಗೌಡ ಮೇಜಿಗೆ ಗುದ್ದಿದ.

"ಕೆರೆ ಇಲ್ಲ ಅಂತೀರಾ ಸ್ವಾಮಿ? ಬಂದು ನೋಡಿ! ನಮ್ ಮನೇನೇ ಕೆರೇಲೈತೆ, ಇವ್ನ ಕೊಟ್ಗೇನೂ ಕೆರೇಲೈತೆ!"

ತಾನು ಏನು ಹೇಳಿಬಿಟ್ಟೆನೆಂದು ಚಿಕ್ಕೇಗೌಡನಿಗೆ ಹೊಳೆದದ್ದು ಆಮೇಲೆ. ಎಂಜಿನಿಯರು ನಗಲಿಲ್ಲ. ಪೆನ್ನು ತೆಗೆದು, "ಎಲ್ಲೀವರೆಗೆ ಅಂತ ನೀವೇ ತೋರಿಸಿ" ಎಂದ. ನಕ್ಷೆಯ ಮೇಲೆ ನಾನೇ ಗೆರೆ ಎಳೆದೆ. ಗೆರೆ ಸರಿಯಾಗಿಯೇ ಬಂತು, ನಮ್ಮ ಮನೆಗಳು ಅದರೊಳಗೆ.

ನೀರು ಬಂತು, ಭತ್ತ ಉಳಿಯಿತು. ಕೊಟ್ಟಿಗೆಯನ್ನು ನಾನೇ ಕೆಡವಿಸಿದೆ. ಮನೆಯ ಮಾತು ಇನ್ನೂ ಬಂದಿಲ್ಲ. ಬರುವುದಿಲ್ಲವೆಂಬ ಧೈರ್ಯ ನನಗಿಲ್ಲ. ಹಿತ್ತಲ ಮೆಟ್ಟಿಲವರೆಗೆ ಬಂದು ನಿಂತ ನೀರಿನಲ್ಲಿ ಹೆಂಡತಿ ನೆಮ್ಮದಿಯಾಗಿ ಪಾತ್ರೆ ತೊಳೆಯುತ್ತಾಳೆ.

ಶಿವಲಿಂಗುವಿನ ಬೂತಿಗೆ ಹೋಗಿ ಮತ್ತೊಂದು ತಿದ್ದುಪಡಿ ಕಳಿಸಿದೆ. ಈ ಸಲ ವ್ಯಾಕರಣದ ಕಡೆ ಅಷ್ಟು ಗಮನವಿರಲಿಲ್ಲ. ಕೆರೆ ಇದೆ, ನೀವು ಮೊದಲು ಬರೆದಷ್ಟೇ ದೊಡ್ಡದಿದೆ. ತಪ್ಪು ಜಾಗದಲ್ಲಿರುವುದು ನಾವು.