ಬರ್ತೇನೆ ಎಂಬ ಬೆದರಿಕೆ

ನನ್ನ ಮುಖಕ್ಕೆ ಯಾರೂ ಹೆದರುವುದಿಲ್ಲ ಎಂಬುದು ನನ್ನ ಬಹುಕಾಲದ ಕೊರಗು. ಕಾರ್ಕಳದ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಚರಿತ್ರೆ ಪಾಠ ಮಾಡಿದವನು ನಾನು. ನನ್ನ ತರಗತಿಯಲ್ಲಿ ಎಂಥೆಂಥ ದಂಡಯಾತ್ರೆಗಳು ನಡೆದುಹೋದವು, ಎಷ್ಟೋ ತಲೆಗಳು ಉರುಳಿದವು. ಹಿಂದಿನ ಬೆಂಚಿನವರು ಮಾತ್ರ ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ಕಣ್ಣು ಕೆಂಪಗೆ ಮಾಡಿ ನೋಡಿದರೆ, ಕಣ್ಣಿಗೆ ಎಂತ ಆಯಿತು ಸರ್ ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದರು. ಮನೆಯ ಮಾತು ಹೇಳುವುದೇ ಬೇಡ. ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುವ ಗಂಡಸಿಗೆ ಯಾವ ಹೆಂಡತಿ ಹೆದರುತ್ತಾಳೆ?

ಆದ್ದರಿಂದ ಪಕ್ಕದ ಮನೆಯ ಪ್ರಜ್ಞಾ ಒಂದು ಸಂಜೆ ಕುಕ್ಕುಂದೂರಿನ ನಮ್ಮ ಜಗಲಿಗೆ ಬಂದು, "ಅಂಕಲ್, ನೀವು ನಮಗೆ ಕೊಲೆಗಾರ ಆಗಬೇಕಿತ್ತು" ಎಂದಾಗ, ಯಾರನ್ನು ಕೊಲ್ಲಬೇಕು ಎಂದೂ ಕೇಳದೆ ನಾನು ಒಪ್ಪಿಬಿಟ್ಟೆ.

ಪ್ರಜ್ಞಾ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ ಮಾಧ್ಯಮ ಓದುವ ಹುಡುಗಿ. ಅವಳ ಗುಂಪಿಗೆ ಒಂದು ಥ್ರಿಲ್ಲರ್ ಸಿನಿಮಾದ ಟ್ರೈಲರ್ ಮಾಡಲಿಕ್ಕಿತ್ತು. ಜೊತೆಗೆ ಪೋಸ್ಟರ್, ಪ್ರಚಾರ ಎಲ್ಲ ಆಗಬೇಕು. ಸಿನಿಮಾ ಮಾತ್ರ ಮಾಡುವುದು ಬೇಡವಂತೆ. ಮದುವೆ ಇಲ್ಲದೆ ಆಮಂತ್ರಣದ ಕಾಗದ ಹಂಚುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಯೋಚಿಸಿ ನೋಡಿದರೆ ನನ್ನ ಬದುಕಿನಲ್ಲೂ ಇಂಥ ಟ್ರೈಲರುಗಳು ಬೇಕಾದಷ್ಟುಂಟು. ನಾನು ಬರೆಯಲಿರುವ ಕಾರ್ಕಳದ ಚರಿತ್ರೆಯ ಬಗ್ಗೆ ಊರಿಗೆಲ್ಲ ಗೊತ್ತು, ಪುಸ್ತಕವೊಂದು ಇಲ್ಲ ಅಷ್ಟೆ.

ಆದರೆ ಹುಡುಗಿಯ ಮುಖ ಸಪ್ಪಗಿತ್ತು. ಮೊದಲ ಸಲ ಸಹಪಾಠಿಯೊಬ್ಬನ ಮೇಲೆ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ಸುರಿದು ರಕ್ತವೆಂದು ತೋರಿಸಿದ್ದರು. ಇಡೀ ತರಗತಿ ನಕ್ಕಿತ್ತು. ಅವರ ಸರ್ ಒಂದೇ ಷರತ್ತು ಹಾಕಿದ್ದರು: ನೋಡಿದವರಲ್ಲಿ ಒಬ್ಬರಾದರೂ ನಿಜವಾಗಿ ಹೆದರಬೇಕು. ಇಲ್ಲದಿದ್ದರೆ ಬರುವ ವರ್ಷ ಕಿರಿಯರ ಜೊತೆ ಕೂತು ಮತ್ತೆ ಮೊದಲಿನಿಂದ ಮಾಡಬೇಕು. ನನ್ನ ಹೆಂಡತಿ ಒಳಗಿನಿಂದಲೇ, ಹೆದರಿಸಲಿಕ್ಕೆ ಇವರೇ ಸಿಕ್ಕಿದ್ದಾ ನಿಮಗೆ, ಎಂದು ಕೇಳಿದಳು. ಪುಕ್ಕಟೆಯಾಗಿ ಸಿಗುವ ನರೆತ ಗಡ್ಡ ಸುತ್ತಮುತ್ತ ಬೇರೆ ಇರಲಿಲ್ಲವೆಂದು ಕಾಣುತ್ತದೆ.

ಚಿತ್ರೀಕರಣ ಕಾಪುವಿನ ಕಡಲ ಬದಿಯಲ್ಲಿ. ನನಗೊಂದು ಕಪ್ಪು ರೈನ್‌ಕೋಟು ತೊಡಿಸಿ, ತೆಂಗಿನಕಾಯಿ ಕೆತ್ತುವ ಕತ್ತಿ ಕೊಟ್ಟು, ಬಂಡೆಯ ಹತ್ತಿರ ನಿಲ್ಲಿಸಿದರು. ಸಂಜೆಯ ಬಿಸಿಲಿನಲ್ಲಿ ಬೆವರುತ್ತಾ, ಆದಷ್ಟು ಕ್ರೂರವಾಗಿ ನಿಂತೆ. ಪ್ರವಾಸಕ್ಕೆ ಬಂದ ಒಂದು ಸಂಸಾರ ನನ್ನನ್ನು ದೂರದಿಂದ ನೋಡಿ, ತಮ್ಮತಮ್ಮಲ್ಲಿ ಮಾತಾಡಿಕೊಂಡು, ನೇರ ನನ್ನ ಬಳಿಗೇ ಬಂತು. ಮನೆಯ ಯಜಮಾನರು ವಿನಯದಿಂದ ಕೇಳಿದರು: "ಬೊಂಡ ಉಂಟಾ?"

ಎಳನೀರು ಇಲ್ಲವೆಂದು ನಾನೂ ವಿನಯದಿಂದಲೇ ಹೇಳಿದೆ.

ಮಾತು ಇನ್ನೂ ಕಷ್ಟವಾಯಿತು. "ನಿನ್ನನ್ನು ಬಿಡುವುದಿಲ್ಲ" ಎಂದು ಹೇಳಬೇಕಿತ್ತು. ನನ್ನ ಬಾಯಿಯಲ್ಲಿ ಅದು, ಊಟ ಮಾಡದೆ ಹೊರಟ ನೆಂಟರನ್ನು ತಡೆಯುವ ಹಾಗೆ ಕೇಳಿಸಿತು. ತಪ್ಪು ನನ್ನದಲ್ಲ, ನಮ್ಮ ಕರಾವಳಿಯ ಕನ್ನಡದ್ದು. ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿಯಲ್ಲಿ ಬೇಕಾದ ಹಾಗೆ ಜಗಳಾಡಿ, ಕನ್ನಡವನ್ನು ನಾವು ಇಸ್ತ್ರಿ ಹಾಕಿದ ಅಂಗಿಯಂತೆ ಹೊರಗೆ ಹೋಗುವಾಗ ತೊಡುವವರು. ಇಸ್ತ್ರಿ ಅಂಗಿ ತೊಟ್ಟು ಹೊಡೆದಾಡುವುದು ಹೇಗೆ? "ನಿಮ್ಮನ್ನು ಇವತ್ತು ಕೊಲ್ಲಲಿಕ್ಕುಂಟು" ಎಂದೂ ಹೇಳಿ ನೋಡಿದೆ. ಬ್ಯಾಂಕಿಗೆ ಹೋಗಲಿಕ್ಕುಂಟು, ಮೀನು ತರಲಿಕ್ಕುಂಟು ಎನ್ನುವ ಸಾಲಿಗೆ ಅದೂ ಸೇರಿತು. ಕ್ಯಾಮೆರಾ ಹಿಡಿದವನು ನಗು ತಡೆಯಲಾರದೆ ಮರಳಿನಲ್ಲಿ ಕೂತುಬಿಟ್ಟ. ಪ್ರಜ್ಞಾ ಮಾತ್ರ ನಗಲಿಲ್ಲ. ಅವಳ ಕಣ್ಣಂಚು ಒದ್ದೆಯಾದದ್ದು ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಬೆಳಕು ಇಳಿಯತೊಡಗಿತ್ತು, ಬಸ್ಸಿಗೂ ಹೊತ್ತಾಗಿತ್ತು. ಕತ್ತಿ ಕೈಯಲ್ಲಿರುವುದು ಮರೆತು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡಿ, ಪ್ರಜ್ಞಾಳ ಗುಂಪಿನ ಮಕ್ಕಳಿಗೆ ಮೆಲ್ಲಗೆ "ಬರ್ತೇನೆ" ಎಂದೆ.

ಮರಳಿನಲ್ಲಿ ಕೂತಿದ್ದವನು ಎದ್ದು ಕ್ಯಾಮೆರಾ ಎತ್ತಿಕೊಂಡ. ಆಮೇಲೆ ಪ್ರಜ್ಞಾ ಸಣ್ಣ ಸ್ವರದಲ್ಲಿ, "ಅಂಕಲ್, ಅದನ್ನೇ ಇನ್ನೊಮ್ಮೆ ಹೇಳ್ತೀರಾ?" ಎಂದಳು.

ಹೊರಡುವಾಗ ಹೋಗ್ತೇನೆ ಎನ್ನಬಾರದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಕಲಿಸಿದ್ದಾರೆ. ತುಳುವಿನಲ್ಲಿ ಬರ್ಪೆ, ಕನ್ನಡದಲ್ಲಿ ಬರ್ತೇನೆ. ಬೆನ್ನು ತಿರುಗಿಸಿ ಹೋಗುತ್ತಾ ಬರುತ್ತೇನೆ ಎನ್ನುವ ಈ ಸುಳ್ಳಿನಷ್ಟು ಸಭ್ಯವಾದದ್ದು ಬೇರೊಂದಿಲ್ಲ. ವ್ಯಾಕರಣ ಕೇಳಿದರೆ ಅದು ವರ್ತಮಾನದ ರೂಪ, ಭವಿಷ್ಯದ ಅರ್ಥ. ಯಾವಾಗ ಬರುವುದು, ಯಾಕೆ ಬರುವುದು ಎಂಬುದನ್ನು ಅದು ಹೇಳುವುದಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಅದೇ ಮಾತನ್ನು ಕತ್ತಿ ಹಿಡಿದವನು ಹೇಳಿದರೆ, ಆ ಹೇಳದೆ ಬಿಟ್ಟದ್ದೇ ಬೆನ್ನಹುರಿಯಲ್ಲಿ ಹರಿದಾಡುತ್ತದೆ. ಇಷ್ಟು ವರ್ಷ ನಾನು ಎಷ್ಟು ಮನೆಗಳ ಅಂಗಳದಲ್ಲಿ ನಿಂತು ಎಷ್ಟು ಜನರನ್ನು ಹೀಗೆ ಬೆದರಿಸಿದ್ದೇನೋ!

ಸಿನಿಮಾದ ಹೆಸರೇ ‘ಬರ್ತೇನೆ’ ಎಂದಾಯಿತು. ಕೊಲೆಗಾರ ಹೋದಲ್ಲೆಲ್ಲ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಬಿಟ್ಟು ಹೋಗುತ್ತಾನೆ ಎಂಬುದು ಪ್ರಜ್ಞಾಳ ಕಲ್ಪನೆ. ಪೋಸ್ಟರಿನಲ್ಲಿ ನನ್ನ ಕಪ್ಪು ಬಿಳುಪು ಮುಖ, ಅದರ ಕೆಳಗೆ ಮಲ್ಲಿಗೆ, ಅದರ ಕೆಳಗೆ ‘ಬರ್ತೇನೆ’. ಬಿಡುಗಡೆಯ ದಿನಾಂಕ ಹಾಕದಿದ್ದರೆ ಪೋಸ್ಟರ್ ಅಲ್ಲ ಎಂದು ಒಬ್ಬ, ಇಲ್ಲದ ಸಿನಿಮಾಕ್ಕೆ ಎಂತ ದಿನಾಂಕ ಎಂದು ಇನ್ನೊಬ್ಬ. ಚರ್ಚೆ ಮುಗಿಯದೆ ಆ ಜಾಗ ಖಾಲಿ ಉಳಿಯಿತು. ತಂಡದವರ ಹೆಸರುಗಳನ್ನು ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರು.

ಪ್ರಚಾರವೂ ಪಾಠದ ಭಾಗ. ಟ್ರೈಲರ್ ತೋರಿಸುವ ದಿನ ಬೆಳಿಗ್ಗೆ, ನನ್ನ ಪಾಲಿನ ಪ್ರಚಾರವೆಂದು, ಆ ಪೋಸ್ಟರನ್ನೇ ನನ್ನ ವಾಟ್ಸ್ಯಾಪಿನ ಡಿಪಿ ಮಾಡಿದೆ. ಡಿಪಿಯ ವೃತ್ತ ಚಿಕ್ಕದು. ಅದು ಕೆಳಗಿನ ಹೆಸರುಗಳನ್ನೆಲ್ಲ ಕತ್ತರಿಸಿ, ಮುಖ, ಮಲ್ಲಿಗೆ ಮತ್ತು ‘ಬರ್ತೇನೆ’ಯನ್ನು ಉಳಿಸಿಕೊಂಡಿತು. ನಾನು ಗಮನಿಸಲಿಲ್ಲ. ಗಂಡ ಹೆಂಡತಿ ಇಬ್ಬರೂ ಫೋನುಗಳನ್ನು ಸೈಲೆಂಟ್ ಮಾಡಿ, ಗಂಭೀರವಾಗಿ ಮಣಿಪಾಲಕ್ಕೆ ಹೋಗಿ ಕೂತೆವು.

ಟ್ರೈಲರ್ ಮುಗಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಈ ಸಲ ಯಾರೂ ನಗಲಿಲ್ಲ. ಆದರೆ ಅವರ ಸರ್, ಒಳ್ಳೆಯದುಂಟು, ಹೆದರಿಕೆ ಮಾತ್ರ ಸಾಲದು, ಯೋಚಿಸಿ ಹೇಳುತ್ತೇನೆ ಎಂದರು. ಪ್ರಜ್ಞಾ ಮೆಟ್ಟಿಲ ಮೇಲೆ ಮಂಕಾಗಿ ಕೂತಳು. ಏನಾದರೂ ಸಮಾಧಾನ ಹೇಳೋಣವೆಂದು ಹೊರಟವನು, ಹೊತ್ತೆಷ್ಟಾಯಿತೆಂದು ಫೋನು ತೆಗೆದೆ. ತೆರೆಯ ತುಂಬ ತಪ್ಪಿದ ಕರೆಗಳು. ಕುಟುಂಬದ ಗುಂಪಿನಲ್ಲಿ ಯಾರೋ ನನ್ನ ಡಿಪಿ ಹಾಕಿ ಕೈಮುಗಿದಿದ್ದರು. ಅವರನ್ನು ನೋಡಿ ಉಳಿದವರೂ ಕೈಮುಗಿದಿದ್ದರು. ಯಾವಾಗ ಆಯಿತು ಎಂದು ವಿಚಾರಿಸುವ ಮೊದಲೇ ನನ್ನ ಸರಳ ಸ್ವಭಾವವನ್ನು ನಾಲ್ಕು ಜನ ಹೊಗಳಿಯಾಗಿತ್ತು. ಅಷ್ಟರಲ್ಲಿ ಫೋನು ಮತ್ತೆ ಅಲ್ಲಾಡಿತು. ಎತ್ತಿ ಹಲೋ ಎಂದೆ. ಆ ಕಡೆ ನಮ್ಮ ದೂರದ ಸಂಬಂಧಿಯೊಬ್ಬರು ಗದ್ಗದಿತರಾಗಿ, "ಮಗನಾ ಮಾತಾಡುವುದು? ಸ್ವರ ಅಪ್ಪನದ್ದೇ ಉಂಟು" ಎಂದರು.

ನಗುತ್ತಿದ್ದವನಿಗೆ ಕರೆಗಳ ನಡುವೆ ಮತ್ತೆ ಮತ್ತೆ ಒಂದೇ ಹೆಸರು ಕಂಡಿತು: ಗಿರಿಜಕ್ಕ. ನನ್ನ ಸ್ವಂತ ಅಕ್ಕ, ಕಾಪುವಿನಲ್ಲಿ ಮಗ ಸೊಸೆಯ ಜೊತೆ ಇರುವವಳು. ತಿರುಗಿ ಮಾಡಿದರೆ ಎತ್ತುವವರಿಲ್ಲ. ನಗು ಅಲ್ಲಿಗೇ ನಿಂತುಹೋಯಿತು. ಕಾರು ಮಾಡಿ ಮೂವರೂ ಕಾಪುವಿಗೆ ಓಡಿದೆವು.

ಅಕ್ಕ ಸೀರೆ ಉಟ್ಟು, ಫೋನನ್ನು ಒಳಗೇ ಮರೆತು, ಚೀಲ ಮಡಿಲಲ್ಲಿಟ್ಟುಕೊಂಡು, ಕುಕ್ಕುಂದೂರಿಗೆ ಹೊರಡಲು ಮಗನ ದಾರಿ ಕಾಯುತ್ತಾ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ಬಂದಳು. ಕೈ ಮುಟ್ಟಿದಳು, ಗಡ್ಡ ಮುಟ್ಟಿದಳು, ಆಮೇಲೆ ಬೆನ್ನಿಗೆ ಸರಿಯಾಗಿ ಒಂದು ಬಿಗಿದಳು.

"ಸಾಯುವುದಾದರೆ ಹೇಳಿ ಸಾಯಿ ಮಾರಾಯ" ಎಂದಳು. ಅವಳ ಕೈ ಇನ್ನೂ ನಡುಗುತ್ತಿತ್ತು.

ಕೊನೆಗೂ ನನ್ನ ಮುಖ ನೋಡಿ ಒಬ್ಬರು ಹೆದರಿದ್ದರು. ಇಷ್ಟು ವರ್ಷ ಬಯಸಿದ್ದು ಸಿಕ್ಕಿದಾಗ ನನಗೆ ಅದು ಬೇಡವಾಗಿತ್ತು. ನಾಚಿಕೆಯಾಯಿತು. ನನಗಾಗಿ ನಡುಗುವ ಒಂದು ಕೈ ಉಂಟಲ್ಲ ಎಂದು, ಹೇಳಲು ಸಂಕೋಚ, ಸಂತೋಷವೂ ಆಯಿತು.

ಪ್ರಜ್ಞಾ ಅಕ್ಕನ ಕಾಲು ಮುಟ್ಟಿ, ಎಲ್ಲ ತನ್ನಿಂದ ಆದದ್ದೆಂದು ಅಳುಮುಖ ಮಾಡಿದಳು. ಅಕ್ಕ ಅವಳನ್ನು ಕೂರಿಸಿ, ಚಹಾ ಕೊಟ್ಟು, ಕಥೆಯೆಲ್ಲ ಕೇಳಿದಳು. ಹೆದರಿಕೆ ಸಾಲದು ಎಂದು ಸರ್ ಹೇಳಿದ್ದು ಗೊತ್ತಾದಾಗ ಲೋಟ ಕೆಳಗಿಟ್ಟಳು.

"ಎಲ್ಲುಂಟು ನಿಮ್ಮ ಸರ್ ನಂಬರು? ಫೋನ್ ಮಾಡಿ ನನಗೆ ಕೊಡು."

ಮುಂದಿನ ಮಾತುಕತೆಯಲ್ಲಿ ಆ ಅಧ್ಯಾಪಕರಿಗೆ ಹೆಚ್ಚು ಅವಕಾಶ ಸಿಕ್ಕಲಿಲ್ಲ. ಫೋನು ತಿರುಗಿ ಪ್ರಜ್ಞಾಳ ಕೈಗೆ ಬಂದಾಗ ಅವಳು ಪಾಸಾಗಿದ್ದಳು.

ಹೊರಡುವ ಹೊತ್ತಿಗೆ ನಾನು ಅಂಗಳದಲ್ಲಿ ಸಿಕ್ಕಿಬಿದ್ದೆ. ಹೋಗ್ತೇನೆ ಎನ್ನುವ ಹಾಗಿಲ್ಲ. ಇನ್ನೊಂದು ಮಾತು ಆ ದಿನ ಬಾಯಿಗೆ ಬಾರದು. ಸುಮ್ಮನೆ ಚಪ್ಪಲಿ ಹುಡುಕುವವನಂತೆ ನಿಂತೆ. ಅಕ್ಕ ಬಾಗಿಲಲ್ಲೇ ಇದ್ದಳು.

"ಎಂತ, ಹೇಳದೆ ಹೋಗುವುದಾ?"

"ಬರ್ತೇನೆ ಅಕ್ಕ."

ಸಾಧಾರಣವಾಗಿ ಈ ಮಾತಿಗೆ ‘ಆಯ್ತು’ ಎಂದು ಉತ್ತರ. ಅಕ್ಕ ಹಾಗೆನ್ನಲಿಲ್ಲ. ವ್ಯಾಕರಣವನ್ನೂ ಊರಿನ ಪದ್ಧತಿಯನ್ನೂ ಬದಿಗಿಟ್ಟು, ಪೋಸ್ಟರಿನಲ್ಲಿ ಖಾಲಿ ಬಿಟ್ಟ ಜಾಗಕ್ಕೇ ಬೆರಳಿಟ್ಟಳು.

"ಯಾವಾಗ?"

ಆದಿತ್ಯವಾರ, ಊಟಕ್ಕೆ ಎಂದೆ. ಇದು ಟ್ರೈಲರ್ ಅಲ್ಲ, ಹೋಗಲೇಬೇಕು.